ತಂತಿಯಿಲ್ಲದ ಗಿಟಾರಿನ ಏಳುಬೀಳು

ನೋಡಲು ಅದು ಗಿಟಾರ್‌ನಂತೆಯೇ ಇದೆ. ಹೆಗಲಿಗೆ ಹಾಕಿಕೊಳ್ಳಲು ಪಟ್ಟಿಯಿದೆ, ಉದ್ದನೆಯ ಕುತ್ತಿಗೆಯಿದೆ, ಬಲಗೈ ಆಡಿಸುವ ಜಾಗದಲ್ಲಿ ಪುಟ್ಟದೊಂದು ಪಟ್ಟಿಕೆಯಿದೆ. ತಂತಿಗಳು ಮಾತ್ರ ಇಲ್ಲ. ಟೀವಿ ಆರಿಸಿ ನುಡಿಸಿದರೆ ಪ್ಲಾಸ್ಟಿಕ್ಕಿನ ಟಕ್ ಟಕ್ ಸದ್ದಲ್ಲದೆ ಬೇರೇನೂ ಕೇಳದು. ಇಂತಹ ಲಕ್ಷಾಂತರ ಗಿಟಾರ್‌ಗಳು 2005ರಿಂದ 2010ರವರೆಗೆ ಅಮೆರಿಕ ಮತ್ತು ಯುರೋಪಿನ ಮನೆಗಳ ಪಡಸಾಲೆಗಳನ್ನು ಆಕ್ರಮಿಸಿದ್ದವು. ಎಂದೂ ವಾದ್ಯ ಮುಟ್ಟದವರು ಇವುಗಳನ್ನು ಕೊರಳಿಗೆ ಹಾಕಿಕೊಂಡು ರಾಕ್ ತಾರೆಯರಾದರು; ವಿಡಿಯೋ ಗೇಮ್ ಎಂದರೆ ಮೂಗು ಮುರಿಯುತ್ತಿದ್ದ ಹಿರಿಯರೂ ಸರದಿಯಲ್ಲಿ ನಿಂತರು. 2011ರ ಫೆಬ್ರವರಿಯಲ್ಲಿ ಈ ಭರಾಟೆ ಬಹುಮಟ್ಟಿಗೆ ಮುಗಿದುಹೋಯಿತು.

‘ಗಿಟಾರ್ ಹೀರೋ’ ಮತ್ತು ‘ರಾಕ್ ಬ್ಯಾಂಡ್’ ಈ ಪ್ರಕಾರದ ಎರಡು ಮುಖ್ಯ ಹೆಸರುಗಳು. ಹಾಡಿನ ಲಯಕ್ಕೆ ಸರಿಯಾಗಿ ಗುಂಡಿ ಒತ್ತುವುದೇ ಈ ಆಟಗಳ ತಿರುಳು. ಅದಕ್ಕೆ ಸಾಮಾನ್ಯ ಕಂಟ್ರೋಲರ್ ಸಾಕಾಗಿತ್ತು, ಆದರೆ ಗುಂಡಿಗಳನ್ನು ವಾದ್ಯದ ಆಕಾರದೊಳಗೆ ಕೂರಿಸಿದ್ದೇ ಎಲ್ಲವನ್ನೂ ಬದಲಿಸಿತು. ಈ ಆಟಗಳು ಗೆದ್ದದ್ದು ಆ ಪ್ಲಾಸ್ಟಿಕ್ ಆಕಾರದಿಂದ. ಮುಳುಗಿದ್ದಕ್ಕೂ ಬಹುಪಾಲು ಅದೇ ಕಾರಣ.

ಬೆರಳು, ಗುಂಡಿ, ಸಮಯ

ಗಿಟಾರ್ ಹೀರೋ ಆಟದ ಪರದೆಯಲ್ಲಿ ಗಿಟಾರಿನ ಕುತ್ತಿಗೆಯನ್ನೇ ಹೋಲುವ ಹಾದಿಯೊಂದು ದೂರದಿಂದ ಆಟಗಾರನತ್ತ ಹರಿದು ಬರುತ್ತಿರುತ್ತದೆ. ಅದರ ಮೇಲೆ ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಣ್ಣದ ಬಿಲ್ಲೆಗಳು. ಕೈಯಲ್ಲಿರುವ ಕಂಟ್ರೋಲರಿನ ಕುತ್ತಿಗೆಯ ಮೇಲೂ ಇದೇ ಐದು ಬಣ್ಣಗಳ ಗುಂಡಿಗಳಿವೆ. ಬಿಲ್ಲೆ ಕೆಳಗಿನ ಗೆರೆಯನ್ನು ತಲುಪುವ ಹೊತ್ತಿಗೆ ಎಡಗೈ ಆ ಬಣ್ಣದ ಗುಂಡಿಯನ್ನು ಒತ್ತಿ ಹಿಡಿದಿರಬೇಕು, ಬಲಗೈ ಪಟ್ಟಿಕೆಯನ್ನು ಮೀಟಬೇಕು. ಗುರಿಗಿಂತ ಹಿಂದೆ ಮುಂದೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ವ್ಯತ್ಯಾಸವನ್ನು ಆಟ ಕ್ಷಮಿಸುತ್ತದೆ. ಮೀಟಿದ್ದು ಸರಿಯಾದರೆ ಹಾಡಿನೊಳಗಿನ ಗಿಟಾರ್ ಭಾಗ ಕೇಳಿಸುತ್ತದೆ. ತಪ್ಪಿದರೆ ಆ ಭಾಗ ಮೌನವಾಗಿ, ಕರ್ಕಶವಾದ ಸದ್ದೊಂದು ಮಾತ್ರ ಹೊರಡುತ್ತದೆ. ಗಾಯಕ ಹಾಡುತ್ತಲೇ ಇರುತ್ತಾನೆ, ಡ್ರಮ್ ಬಡಿಯುತ್ತಲೇ ಇರುತ್ತದೆ. ನಡುವೆ ಗಿಟಾರ್ ಇಲ್ಲದ ಖಾಲಿ ಜಾಗ ಎಲ್ಲರ ಕಿವಿಗೂ ಬೀಳುತ್ತದೆ. ತಪ್ಪುಗಳು ಹೆಚ್ಚಾದರೆ ಪರದೆಯ ಮೇಲಿನ ಪ್ರೇಕ್ಷಕರು ಗೇಲಿ ಮಾಡುತ್ತಾರೆ, ಹಾಡು ಅರ್ಧಕ್ಕೇ ನಿಂತುಹೋಗುತ್ತದೆ.

ಈ ಮೌನವೇ ಆಟದ ಜಾಣತನ. ಮಿಕ್ಕ ಆಟಗಳಲ್ಲಿ ತಪ್ಪಿಗೆ ಶಿಕ್ಷೆಯೆಂದರೆ ಅಂಕ ಕಡಿತ. ಇಲ್ಲಿ ಶಿಕ್ಷೆಯೇ ಸಂಗೀತದ ಭಂಗ. ಹಾಡು ನಡೆಯುತ್ತಿರುವುದು ತನ್ನ ಕೈಯಿಂದಲೇ ಎಂಬ ಭಾವನೆ ಆಟಗಾರನಲ್ಲಿ ಮೂಡುವುದು ಸರಿಯಾಗಿ ನುಡಿಸಿದಾಗ ಅಲ್ಲ, ತಪ್ಪಿದ ಕ್ಷಣದಲ್ಲಿ.

ಸುಲಭ ಹಂತದಲ್ಲಿ ಮೂರೇ ಗುಂಡಿಗಳ ಬಳಕೆ, ಮಧ್ಯಮ ಹಂತದಲ್ಲಿ ನಾಲ್ಕು. ಕಠಿಣ ಮತ್ತು ಪರಿಣತ ಹಂತಗಳಲ್ಲಿ ಐದೂ ಬೇಕು. ಬೆರಳುಗಳು ನಾಲ್ಕು, ಗುಂಡಿಗಳು ಐದು. ಹೀಗಾಗಿ ಮೂರನೇ ಹಂತಕ್ಕೆ ಬಂದವರು ಕೈಯನ್ನು ಕುತ್ತಿಗೆಯ ಉದ್ದಕ್ಕೂ ಮೇಲೆ ಕೆಳಗೆ ಸರಿಸುವುದನ್ನು ಕಲಿಯಲೇಬೇಕು. ಅನೇಕರು ಸೋತು ಕೈಬಿಟ್ಟ ಜಾಗ ಇದು. ಕುತೂಹಲದ ಸಂಗತಿಯೆಂದರೆ, ನಿಜವಾದ ಗಿಟಾರ್ ಕಲಿಯುವವರ ಎಡಗೈಗೆ ಮೊದಲು ಎದುರಾಗುವ ಕಷ್ಟಗಳಲ್ಲೂ ಈ ಸರಿದಾಟ ಒಂದು. ವಾದಕರು ಬಲಗೈ ಮೀಟದೆಯೇ ಎಡಗೈ ಬೆರಳನ್ನು ತಂತಿಯ ಮೇಲೆ ಬಡಿದು ಅಥವಾ ಎಳೆದು ಸ್ವರ ಹೊರಡಿಸುವ ತಂತ್ರಕ್ಕೂ ಆಟದಲ್ಲಿ ಪ್ರತಿರೂಪವಿದೆ: ವೇಗದ ಸಾಲುಗಳಲ್ಲಿ ಕೆಲವು ಬಿಲ್ಲೆಗಳಿಗೆ ಗುಂಡಿ ಒತ್ತಿದರಷ್ಟೇ ಸಾಕು.

ಕಂಟ್ರೋಲರಿನೊಳಗೆ ಓರೆಯನ್ನು ಗುರುತಿಸುವ ಸಂವೇದಕವೊಂದಿದೆ. ಸಾಲು ಸಾಲಾಗಿ ಕೆಲವು ವಿಶೇಷ ಬಿಲ್ಲೆಗಳನ್ನು ನುಡಿಸಿದ ಬಳಿಕ ಗಿಟಾರಿನ ಕುತ್ತಿಗೆಯನ್ನು ಆಕಾಶದತ್ತ ಎತ್ತಿದರೆ ಅಂಕಗಳು ಇಮ್ಮಡಿಯಾಗುತ್ತವೆ. ಸಂಗೀತದ ದೃಷ್ಟಿಯಿಂದ ಇದಕ್ಕೆ ಯಾವ ಅರ್ಥವೂ ಇಲ್ಲ. ಆದರೆ ಸೋಫಾದಲ್ಲಿ ಮುದುಡಿ ಕುಳಿತವನನ್ನು ಎಬ್ಬಿಸಿ ನಿಲ್ಲಿಸಿ, ಎಲ್ಲರೆದುರು ರಾಕ್ ಕಲಾವಿದನ ಭಂಗಿ ತಾಳುವಂತೆ ಮಾಡಿದ್ದು ಇದೇ ಸಂವೇದಕ.

ಹೊಸ ಚಪ್ಪಟೆ ಟೀವಿಗಳು ಬಂದಾಗ ಈ ಆಟಗಳಿಗೆ ಅನಿರೀಕ್ಷಿತ ಸಂಕಟ ಒದಗಿತು. ಹಳೆಯ ಗಾಜಿನ ಕೊಳವೆಯ ಟೀವಿ ಸಂಕೇತ ಬಂದೊಡನೆ ಚಿತ್ರ ಮೂಡಿಸುತ್ತಿತ್ತು. ಚಪ್ಪಟೆ ಟೀವಿ ಚಿತ್ರವನ್ನು ಸಂಸ್ಕರಿಸಿ ತೋರಿಸುವಷ್ಟರಲ್ಲಿ ಸೆಕೆಂಡಿನ ಕೆಲವು ಶತಾಂಶಗಳೇ ಕಳೆದಿರುತ್ತವೆ. ಸಿನಿಮಾ ನೋಡುವವರಿಗೆ ಇದು ತಿಳಿಯುವುದೇ ಇಲ್ಲ, ಆದರೆ ಹತ್ತನೇ ಒಂದು ಸೆಕೆಂಡಿನ ಲೆಕ್ಕದ ಆಟದಲ್ಲಿ ಅರ್ಧ ಹಾಡು ಕೈತಪ್ಪುತ್ತದೆ. ಹಾಗಾಗಿ ಆಟ ಆರಂಭಿಸುವ ಮುನ್ನ ಈ ವಿಳಂಬವನ್ನು ಅಳೆದು ಸರಿದೂಗಿಸುವ ವ್ಯವಸ್ಥೆ ಅನಿವಾರ್ಯವಾಯಿತು. 2008ರ ‘ರಾಕ್ ಬ್ಯಾಂಡ್ 2’ರ ಗಿಟಾರಿನಲ್ಲಿ ಇದಕ್ಕೆಂದೇ ಬೆಳಕಿನ ಸಂವೇದಕ ಮತ್ತು ಪುಟ್ಟ ಮೈಕ್ ಇದ್ದವು, ಗಿಟಾರನ್ನು ಟೀವಿಯ ಮುಂದೆ ಹಿಡಿದರೆ ಅಳತೆ ತಾನಾಗಿಯೇ ಮುಗಿಯುತ್ತಿತ್ತು. ಇನ್ನೊಂದು ವಿಚಿತ್ರವನ್ನು ಆಟಗಾರರೆಲ್ಲ ಬಲ್ಲರು. ಹರಿದು ಬರುವ ಹಾದಿಯನ್ನು ಬಹಳ ಹೊತ್ತು ನೋಡಿದ ಮೇಲೆ ಹಾಡು ಮುಗಿದು ಪರದೆ ಸ್ತಬ್ಧವಾದಾಗ, ಅದರ ಮೇಲಿನ ಚಿತ್ರ ಮೇಲ್ಮುಖವಾಗಿ ಹರಿಯುತ್ತಿರುವಂತೆ ಕಾಣುತ್ತದೆ. ಜಲಪಾತವನ್ನು ದಿಟ್ಟಿಸಿ ಪಕ್ಕದ ಬಂಡೆ ನೋಡಿದಾಗ ಆಗುವ ದೃಷ್ಟಿಭ್ರಮೆಯೇ ಇದು.

ಬೀಜ ಬಿದ್ದದ್ದು ಜಪಾನಿನಲ್ಲಿ

ಈ ಕಲ್ಪನೆಯನ್ನು ಅಮೆರಿಕನ್ನರದೆಂದು ಭಾವಿಸುವವರೇ ಹೆಚ್ಚು. ವಾಸ್ತವವಾಗಿ ಇದರ ತವರು ಜಪಾನ್. 1996ರ ಕೊನೆಯಲ್ಲಿ ಮಸಾಯಾ ಮತ್ಸುರಾ ರೂಪಿಸಿದ ‘ಪರಪ್ಪ ದಿ ರ‍್ಯಾಪರ್’ ಪ್ಲೇಸ್ಟೇಷನ್‌ಗೆ ಬಂತು. ನಾಯಿಮರಿಯೊಂದು ಗುರುಗಳು ಹೇಳಿಕೊಟ್ಟ ಸಾಲುಗಳನ್ನು ಲಯಬದ್ಧವಾಗಿ ಪುನರುಚ್ಚರಿಸುವ ಈ ಆಟ ರಿದಮ್ ಗೇಮ್‌ಗಳ ಮೊದಲ ಜನಪ್ರಿಯ ಮಾದರಿ. ಅದನ್ನು ಆಡುತ್ತಿದ್ದುದು ಸಾಮಾನ್ಯ ಕಂಟ್ರೋಲರಿನಲ್ಲಿ.

ವಾದ್ಯದ ಆಕಾರ ತಂದ ಶ್ರೇಯ ಕೊನಾಮಿ ಕಂಪನಿಗೆ ಸಲ್ಲಬೇಕು. 1997ರ ‘ಬೀಟ್‌ಮೇನಿಯಾ’ದಲ್ಲಿ ಐದು ಕೀಲಿಗಳು ಮತ್ತು ಡಿಜೆಗಳು ತಿರುಗಿಸುವಂತಹ ತಟ್ಟೆ ಇದ್ದವು. 1998ರಲ್ಲಿ ಕಾಲಿನಿಂದ ಆಡುವ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಬಂತು. ಅದರ ಬೆನ್ನಲ್ಲೇ ಕಾಣಿಸಿಕೊಂಡ ‘ಗಿಟಾರ್‌ಫ್ರೀಕ್ಸ್’ನಲ್ಲಿ ಗಿಟಾರ್ ಆಕಾರದ ಕಂಟ್ರೋಲರ್, ಕುತ್ತಿಗೆಯ ಮೇಲೆ ಮೂರು ಬಣ್ಣದ ಗುಂಡಿಗಳು, ಮೀಟಲು ಒಂದು ಸನ್ನೆ ಎಲ್ಲವೂ ಇದ್ದವು. ಗಿಟಾರನ್ನು ಮೇಲಕ್ಕೆತ್ತುವ ಭಂಗಿಯೂ ಅಲ್ಲಿಯದೇ. 1999ರ ‘ಡ್ರಮ್‌ಮೇನಿಯಾ’ವನ್ನು ಅದರೊಂದಿಗೆ ಜೋಡಿಸಿ ಗೆಳೆಯರು ಒಟ್ಟಾಗಿ ಒಂದೇ ಹಾಡು ನುಡಿಸಬಹುದಿತ್ತು. ರಾಕ್ ಬ್ಯಾಂಡ್ ಕಲ್ಪನೆಯ ಹೆಚ್ಚಿನ ಅಂಶಗಳು ಎಂಟು ವರ್ಷ ಮೊದಲೇ ಜಪಾನಿನ ಗೇಮ್ ಸೆಂಟರುಗಳಲ್ಲಿ ಸಿದ್ಧವಾಗಿದ್ದವು ಎಂದಾಯಿತು.

ಉಳಿದ ಕಂಪನಿಗಳೂ ಸುಮ್ಮನಿರಲಿಲ್ಲ. ಸೆಗಾದ ‘ಸಾಂಬಾ ದೆ ಅಮಿಗೋ’ಗೆ ಗಿಲಕಿಯಂತಹ ಮರಾಕಾಸ್ ಜೋಡಿ, ನಾಮ್ಕೋದ ‘ತಾಯ್ಕೋ ನೊ ತತ್ಸುಜಿನ್’ಗೆ ಜಪಾನಿ ನಗಾರಿ. 2003ರಲ್ಲಿ ನಿಂಟೆಂಡೊದ ಯಂತ್ರಕ್ಕೆ ಜೋಡಿ ಬೊಂಗೊಗಳೂ ಬಂದವು. ಇವುಗಳಲ್ಲಿ ತಾಯ್ಕೋ ಎಲ್ಲ ಏರಿಳಿತಗಳನ್ನೂ ದಾಟಿ ಜಪಾನಿನಲ್ಲಿ ಮುಂದುವರಿದಿದೆ. ಕಾರಣ ಸರಳ: ನಗಾರಿಯನ್ನು ಬಡಿಯಲು ಯಾರಿಗೂ ಪಾಠ ಬೇಡ.

ಎರಡು ಸಣ್ಣ ಕಂಪನಿಗಳು

ಮೆಸಾಚುಸೆಟ್ಸ್‌ನ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಓದಿದ ಅಲೆಕ್ಸ್ ರಿಗೋಪುಲೋಸ್ ಮತ್ತು ಎರಾನ್ ಎಗೋಝಿ 1995ರಲ್ಲಿ ‘ಹಾರ್ಮೊನಿಕ್ಸ್’ ಕಂಪನಿ ಕಟ್ಟಿದರು. ಇಬ್ಬರೂ ಸಂಗೀತ ಬಲ್ಲವರು. ಎಗೋಝಿ ಕ್ಲಾರಿನೆಟ್ ವಾದಕರು. ವಾದ್ಯ ಕಲಿಯಲು ವರ್ಷಗಳನ್ನು ವ್ಯಯಿಸಲಾಗದವರಿಗೂ ಸಂಗೀತ ಸೃಷ್ಟಿಸುವ ಆನಂದ ಸಿಗಬೇಕು ಎಂಬುದು ಅವರ ಹಂಬಲ. ಜಾಯ್‌ಸ್ಟಿಕ್ ಅಲುಗಿಸಿ ಸಂಗೀತ ಹೊಮ್ಮಿಸುವ ‘ದಿ ಆ್ಯಕ್ಸ್’ ಎಂಬ ಅವರ ಮೊದಲ ತಂತ್ರಾಂಶ ಕೆಲವೇ ನೂರು ಪ್ರತಿ ಮಾರಾಟವಾಗಿ ಮಣ್ಣುಮುಕ್ಕಿತು. ಸೋನಿಗಾಗಿ ಮಾಡಿದ ‘ಫ್ರೀಕ್ವೆನ್ಸಿ’ (2001) ಮತ್ತು ‘ಆಂಪ್ಲಿಟ್ಯೂಡ್’ (2003) ವಿಮರ್ಶಕರಿಂದ ಹೊಗಳಿಕೆ ಗಳಿಸಿದರೂ ಹಣ ಗಳಿಸಲಿಲ್ಲ. ಈ ಎರಡು ಆಟಗಳಲ್ಲಿ ಲಯವಿತ್ತು, ಹರಿಯುವ ಹಾದಿಯಿತ್ತು, ಬಿಲ್ಲೆಗಳಿದ್ದವು. ಕೈಯಲ್ಲಿ ವಾದ್ಯ ಮಾತ್ರ ಇರಲಿಲ್ಲ. ಗಿಟಾರ್ ಹೀರೋಗೂ ಇವಕ್ಕೂ ಇರುವ ಮುಖ್ಯ ಅಂತರ ಇಷ್ಟೇ ಎಂಬುದನ್ನು ಗಮನಿಸಿದರೆ ಪ್ಲಾಸ್ಟಿಕ್ ಗಿಟಾರಿನ ಮಹಿಮೆ ಅರ್ಥವಾದೀತು.

ಆ ಗಿಟಾರ್ ಬಂದದ್ದು ಕ್ಯಾಲಿಫೋರ್ನಿಯಾದ ‘ರೆಡ್‌ಆಕ್ಟೇನ್’ನಿಂದ. ಕಾಯ್ ಮತ್ತು ಚಾರ್ಲ್ಸ್ ಹುವಾಂಗ್ ಸೋದರರ ಈ ಕಂಪನಿ ಅಂತರಜಾಲದ ಮೂಲಕ ಗೇಮ್‌ಗಳನ್ನು ಬಾಡಿಗೆಗೆ ಕೊಡುತ್ತ ಆರಂಭವಾಗಿ, ನೃತ್ಯದ ಆಟಗಳಿಗೆ ಬೇಕಾದ ಚಾಪೆ ಮಾರುತ್ತ ಬೆಳೆದಿತ್ತು. ಜಪಾನಿನ ಗಿಟಾರ್ ಆಟ ಅಮೆರಿಕದ ಮನೆಗಳಿಗೆ ಬಂದಿಲ್ಲದಿದ್ದುದನ್ನು ಗಮನಿಸಿದ ಸೋದರರು ಹಾರ್ಮೊನಿಕ್ಸ್‌ ಜತೆ ಕೈಜೋಡಿಸಿದರು. ಸುಮಾರು 10 ಲಕ್ಷ ಡಾಲರ್ ವೆಚ್ಚದಲ್ಲಿ ತಯಾರಾದ ಆಟ 2005ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಿಡುಗಡೆಯಾಯಿತು. ಜತೆಗಿದ್ದ ಕಂಟ್ರೋಲರ್ ಗಿಬ್ಸನ್ ಕಂಪನಿಯ ‘ಎಸ್‌ಜಿ’ ಗಿಟಾರಿನ ಕಿರಿಯ ಪ್ರತಿರೂಪ. ಪೆಟ್ಟಿಗೆಯ ಬೆಲೆ 70 ಡಾಲರ್; ಮಾಮೂಲಿ ಗೇಮ್‌ಗಳಿಗೆ ಹೋಲಿಸಿದರೆ ದುಬಾರಿ, ಅಂಗಡಿಯಲ್ಲಿಡಲು ಜಾಗವೂ ಹೆಚ್ಚು ಬೇಕು. ಮಾರಾಟಗಾರರು ಹಿಂಜರಿದದ್ದು ಸಹಜ. ಅಂಗಡಿಗಳಲ್ಲಿ ಪ್ರದರ್ಶನಕ್ಕಿಟ್ಟ ಗಿಟಾರಿನ ಸುತ್ತ ಜನ ನೆರೆಯತೊಡಗಿದ ಮೇಲೆ ಹಿಂಜರಿಕೆ ಮಾಯವಾಯಿತು.

2006ರಲ್ಲಿ ದೊಡ್ಡ ಮೀನುಗಳು ಬಂದವು. ಆಕ್ಟಿವಿಷನ್ ಕಂಪನಿ ಸುಮಾರು 10 ಕೋಟಿ ಡಾಲರ್‌ಗೆ ರೆಡ್‌ಆಕ್ಟೇನನ್ನು ಕೊಂಡಿತು. ಗಿಟಾರ್ ಹೀರೋ ಎಂಬ ಹೆಸರು ಅದರ ಪಾಲಾಯಿತು. ಎಂಟಿವಿಯ ಒಡೆತನ ಹೊಂದಿದ್ದ ವಯಾಕಾಮ್ 17.5 ಕೋಟಿ ಡಾಲರ್ ಕೊಟ್ಟು ಹಾರ್ಮೊನಿಕ್ಸನ್ನು ಕೊಂಡಿತು. ಆಟ ಕಟ್ಟಿದ ಕೈಗಳು ಅಲ್ಲಿಗೆ ಹೋದವು. ಒಂದೇ ಆಟದ ತಂದೆತಾಯಿಗಳು ಬೇರೆಯಾಗಿ ಪರಸ್ಪರ ಪೈಪೋಟಿಗಿಳಿದಂತಾಯಿತು. ಆಕ್ಟಿವಿಷನ್ ತನ್ನ ನೆವರ್‌ಸಾಫ್ಟ್ ತಂಡದಿಂದ ಮಾಡಿಸಿದ ‘ಗಿಟಾರ್ ಹೀರೋ 3’ 2007ರ ಅಕ್ಟೋಬರಿನಲ್ಲಿ ಬಂತು. ಒಂದೇ ಗೇಮ್ 100 ಕೋಟಿ ಡಾಲರ್ ವಹಿವಾಟು ದಾಟಿದ್ದು ಇದೇ ಮೊದಲು ಎಂದು ಕಂಪನಿ 2009ರಲ್ಲಿ ಘೋಷಿಸಿತು. ಹಾರ್ಮೊನಿಕ್ಸ್‌ನ ಉತ್ತರ ಒಂದು ತಿಂಗಳಲ್ಲೇ ಬಂದ ‘ರಾಕ್ ಬ್ಯಾಂಡ್’. ಗಿಟಾರ್, ಬೇಸ್, ಮೈಕ್, ನಾಲ್ಕು ಹಲಗೆಗಳ ಜತೆ ಕಾಲ್ಪೆಡಲ್ ಇರುವ ಡ್ರಮ್: ನಾಲ್ವರು ಕೂಡಿದರೆ ಪೂರ್ಣ ವಾದ್ಯವೃಂದ. ಇಡೀ ಸೆಟ್ಟಿಗೆ 170 ಡಾಲರ್.

ಹಾಡಿನ ಒಡೆಯರು

ನುಡಿಸಲು ಹಾಡು ಬೇಕು, ಹಾಡಿಗೆ ಒಡೆಯರಿದ್ದಾರೆ. ಮೊದಲ ಗಿಟಾರ್ ಹೀರೋದ ಕಾಲಕ್ಕೆ ಈ ಅನಾಮಿಕ ಆಟಕ್ಕೆ ಮೂಲ ಧ್ವನಿಮುದ್ರಿಕೆ ಕೊಡಲು ಧ್ವನಿಮುದ್ರಣ ಕಂಪನಿಗಳು ತಯಾರಿರಲಿಲ್ಲ. ಪ್ರಸಿದ್ಧ ಹಾಡುಗಳನ್ನು ಬಾಡಿಗೆ ಕಲಾವಿದರಿಂದ ಥೇಟ್ ಮೂಲದಂತೆಯೇ ಹಾಡಿಸಿ, ನುಡಿಸಿ ಬಳಸಲಾಯಿತು. ಎರಡೇ ವರ್ಷಗಳಲ್ಲಿ ಗಾಳಿ ತಿರುಗಿ, ಗಿಟಾರ್ ಹೀರೋ 3ರಲ್ಲಿ ಹೆಚ್ಚಿನವು ಮೂಲ ಮುದ್ರಿಕೆಗಳೇ ಆಗಿದ್ದವು.

ಮೂಲ ಮುದ್ರಿಕೆ ಎಂದರೆ ಸಿ.ಡಿ. ಸಾಲದು. ತಪ್ಪಿದಾಗ ಗಿಟಾರ್ ಮಾತ್ರ ಮೌನವಾಗಬೇಕಾದರೆ ಗಿಟಾರಿನ ಧ್ವನಿ ಪ್ರತ್ಯೇಕ ಪಥದಲ್ಲಿರಬೇಕು. ಸ್ಟುಡಿಯೋಗಳ ಉಗ್ರಾಣದಲ್ಲಿ ಬಹುಪಥ ಟೇಪುಗಳ ಹುಡುಕಾಟ ಆರಂಭವಾಯಿತು. ಕೆಲವು ಸಿಕ್ಕವು, ಕೆಲವು ಕಳೆದುಹೋಗಿದ್ದವು. ‘ಸೆಕ್ಸ್ ಪಿಸ್ಟಲ್ಸ್’ ತಂಡ ಮೂಲ ಟೇಪು ದೊರೆಯದ ಕಾರಣ 2007ರಲ್ಲಿ ಮತ್ತೆ ಒಂದುಗೂಡಿ ತನ್ನ ಹಳೆಯ ಹಾಡನ್ನು ಗಿಟಾರ್ ಹೀರೋ 3ಕ್ಕಾಗಿ ಹೊಸದಾಗಿ ಧ್ವನಿಮುದ್ರಿಸಿತು.

ಈ ದಿಕ್ಕಿನಲ್ಲಿ ಅತ್ಯಂತ ಶ್ರಮದ ಕೆಲಸ ನಡೆದದ್ದು ‘ದಿ ಬೀಟಲ್ಸ್: ರಾಕ್ ಬ್ಯಾಂಡ್’ಗಾಗಿ. ಬೀಟಲ್ಸ್ ತಂಡದ ಆರಂಭಿಕ ಹಾಡುಗಳು ಎರಡೇ ಪಥಗಳಲ್ಲಿ ಮುದ್ರಿತವಾಗಿದ್ದವು. ವಾದ್ಯಗಳೆಲ್ಲ ಒಂದರೊಳಗೊಂದು ಬೆರೆತುಹೋಗಿದ್ದವು. ತಂಡದ ಮೂಲ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಕುಳಿತು ತಂತ್ರಾಂಶದ ನೆರವಿನಿಂದ ಗಿಟಾರ್, ಡ್ರಮ್, ಕಂಠಗಳನ್ನು ಬಿಡಿಬಿಡಿಯಾಗಿ ಬಿಡಿಸಿದರು. ಯೋಜನೆಗೆ ಚಾಲನೆ ಕೊಟ್ಟವರಲ್ಲಿ ಜಾರ್ಜ್ ಹ್ಯಾರಿಸನ್ ಅವರ ಮಗ ಧನಿ ಹ್ಯಾರಿಸನ್ ಒಬ್ಬರು. 45 ಹಾಡುಗಳ ಈ ಆಟ 2009ರ ಸೆಪ್ಟೆಂಬರ್ 9ರಂದು, ಬೀಟಲ್ಸ್‌ನ ಪರಿಷ್ಕೃತ ಸಿ.ಡಿ.ಗಳು ಹೊರಬಂದ ದಿನವೇ ಬಿಡುಗಡೆಯಾಯಿತು. ಮೂವರು ಮೂರು ಮೈಕ್ ಹಿಡಿದು ಹಾಡಿನ ಮೂರು ಶ್ರುತಿಸ್ತರಗಳನ್ನು ಏಕಕಾಲದಲ್ಲಿ ಹಾಡುವ ಅವಕಾಶವಿದ್ದದ್ದು ಅದರ ವಿಶೇಷ. ಇಡೀ ಪ್ರಕಾರದಲ್ಲಿ ಮುದ್ರಿತ ಸಂಗೀತದ ಬಗ್ಗೆ ಇಷ್ಟು ಭಕ್ತಿಯಿಂದ ಮಾಡಿದ ಇನ್ನೊಂದು ಆಟ ಇಲ್ಲವೆನ್ನಬಹುದು.

ಹಣದ ಜಗಳಗಳೂ ನಡೆದವು. ‘ಗಿಟಾರ್ ಹೀರೋ: ಏರೋಸ್ಮಿತ್’ನಿಂದ ಆ ತಂಡ ತನ್ನ ಯಾವ ಆಲ್ಬಂಗಿಂತಲೂ ಹೆಚ್ಚು ಗಳಿಸಿತೆಂದು ಆಕ್ಟಿವಿಷನ್ ಮುಖ್ಯಸ್ಥ ಬಾಬಿ ಕೋಟಿಕ್ 2008ರಲ್ಲಿ ಹೇಳಿಕೊಂಡರು. ಸಂಗೀತ ಕಂಪನಿಗಳಿಗೆ ಸಲ್ಲುವ ಪಾಲು ತೀರಾ ಕಡಿಮೆ ಎಂಬುದು ಅದೇ ವರ್ಷ ವಾರ್ನರ್ ಮ್ಯೂಸಿಕ್ ಮುಖ್ಯಸ್ಥ ಎಡ್ಗರ್ ಬ್ರಾನ್ಫ್‌ಮನ್ ಅವರ ದೂರು. ಹಾಡಿನಿಂದ ಆಟಕ್ಕೆ ಬೆಲೆಯೋ, ಆಟದಿಂದ ಹಾಡಿಗೆ ಬೆಲೆಯೋ ಎಂಬ ಈ ತಕರಾರು ಇತ್ಯರ್ಥವಾಗುವ ಮೊದಲೇ ಮಾರುಕಟ್ಟೆ ಕುಸಿಯಿತು. ಪೇಟೆಂಟ್ ವ್ಯಾಜ್ಯಗಳಿಗಂತೂ ಕೊರತೆಯಿರಲಿಲ್ಲ. 2008ರಲ್ಲಿ ಆಕ್ಟಿವಿಷನ್ ಜತೆ ಆರಂಭವಾದ ವ್ಯಾಜ್ಯದಲ್ಲಿ ಗಿಬ್ಸನ್ ಮರುವರ್ಷ ಸೋತಿತು. ಕೊನಾಮಿ ರಾಕ್ ಬ್ಯಾಂಡ್ ವಿರುದ್ಧ ಹೂಡಿದ ದಾವೆ 2010ರಲ್ಲಿ ರಾಜಿಯಲ್ಲಿ ಮುಗಿಯಿತು. ಕಲಾವಿದರ ರೂಪವನ್ನು ಬಳಸುವ ಹಕ್ಕೂ ವಿವಾದವಾಯಿತು. 2009ರ ‘ಗಿಟಾರ್ ಹೀರೋ 5’ರಲ್ಲಿ ದಿವಂಗತ ಕರ್ಟ್ ಕೋಬೇನ್ ಅವರ ಗೊಂಬೆರೂಪ ಬೇರೆಯವರ ಹಾಡುಗಳನ್ನೂ ಹಾಡುವುದನ್ನು ಕಂಡು ಅವರ ಒಡನಾಡಿಗಳು ಸಿಡಿಮಿಡಿಗೊಂಡರು. ಸತ್ತ ಕಲಾವಿದನ ಬಾಯಿಗೆ ಬೇಕಾದ ಹಾಡು ತುರುಕಬಹುದೇ ಎಂಬ ಆ ಪ್ರಶ್ನೆ ಕೃತಕ ಬುದ್ಧಿಮತ್ತೆಯ ಈ ದಿನಗಳಲ್ಲಿ ಇನ್ನಷ್ಟು ಹರಿತವಾಗಿದೆ.

ಇದು ವಾದನವೇ?

‘ಅಷ್ಟು ಹೊತ್ತು ಗುಂಡಿ ಒತ್ತುವ ಬದಲು ನಿಜವಾದ ಗಿಟಾರ್ ಕಲಿಯಬಾರದೇ?’ ಈ ಆಟಗಳ ಮೇಲೆ ಬಂದ ಅತಿ ಸಾಮಾನ್ಯ ಆಕ್ಷೇಪ ಇದು. ಆಕ್ಷೇಪದಲ್ಲಿ ಸತ್ಯವಿದೆ. ಐದು ಗುಂಡಿಗಳಿಗೂ ಸ್ವರಗಳಿಗೂ ಸ್ಥಿರ ಸಂಬಂಧವಿಲ್ಲ. ಒಂದು ಹಾಡಿನಲ್ಲಿ ಷಡ್ಜವಾದ ಹಸಿರು ಮುಂದಿನ ಸಾಲಿನಲ್ಲೇ ಪಂಚಮವಾಗಬಹುದು. ಬೆರಳಿಗೆ ತಂತಿಯ ಬಿಗಿ ಗೊತ್ತಾಗುವುದಿಲ್ಲ, ಕಿವಿಗೆ ಶ್ರುತಿ ಸೇರಿಸುವ ಕೆಲಸವಿಲ್ಲ, ಮನೋಧರ್ಮಕ್ಕಂತೂ ಎಡೆಯೇ ಇಲ್ಲ. ಸಂಗತಿಯೊಂದನ್ನು ಹೊಸದಾಗಿ ಹಾಕಿದರೆ ಆಟ ಅದನ್ನು ತಪ್ಪೆಂದೇ ಎಣಿಸುತ್ತದೆ. ಬಿಲ್ಲೆಗಳಾಚೆ ಸ್ವಂತವಾಗಿ ನುಡಿಸುವ ಸ್ವಾತಂತ್ರ್ಯ ಗಿಟಾರಿಗೆ ತುಸುಮಟ್ಟಿಗಾದರೂ ಸಿಕ್ಕಿದ್ದು 2015ರ ‘ರಾಕ್ ಬ್ಯಾಂಡ್ 4’ರಲ್ಲಿ.

ಆದರೆ ಆಕ್ಷೇಪ ಒಂದನ್ನು ಕಾಣುವುದಿಲ್ಲ. ಕಛೇರಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ತೊಡೆಯ ಮೇಲೆ ತಾಳ ಹಾಕುವ ಶ್ರೋತೃವನ್ನು ಯಾರೂ ವಾದಕ ಎನ್ನುವುದಿಲ್ಲ. ಸುಮ್ಮನೆ ಕೇಳುತ್ತಿರುವವನು ಎಂದೂ ಅನ್ನಲಾಗದು. ಪಲ್ಲವಿಯ ಎಡುಪು ಎಲ್ಲಿ ಬೀಳುತ್ತದೆಂದು ಅವನ ಕೈ ಬಲ್ಲದು, ಲೆಕ್ಕ ತಪ್ಪಿದರೆ ಅವನ ಮುಖವೇ ಹೇಳುತ್ತದೆ. ಗಿಟಾರ್ ಹೀರೋ ಆಡುವವರು ನಿಂತಿರುವುದು ಈ ತಾಳ ಹಾಕುವವನ ಜಾಗದಲ್ಲಿ. ಆಟ ಅಳೆಯುವುದು ಸ್ವರವನ್ನಲ್ಲ, ಲಯವನ್ನು. ನೂರಾರು ಬಾರಿ ಕೇಳಿದ ಹಾಡಿನಲ್ಲೂ ಬೇಸ್ ಗಿಟಾರ್ ಎಲ್ಲಿ ಸೇರುತ್ತದೆ, ಎಲ್ಲಿ ಅರೆಕ್ಷಣ ತಡೆಯುತ್ತದೆ ಎಂಬುದು ಅದನ್ನು ‘ನುಡಿಸಿದ’ ಮೇಲಷ್ಟೇ ಕಿವಿಗೆ ಬಿತ್ತೆಂದು ಹೇಳಿದವರು ಬಹಳ. ವಾದ್ಯಮೇಳದ ಮುದ್ದೆಯಂತಹ ನಾದದಿಂದ ಒಂದೊಂದೇ ಎಳೆಯನ್ನು ಬಿಡಿಸಿ ಕೇಳುವ ಅಭ್ಯಾಸ ಸಣ್ಣದಲ್ಲ.

ಬ್ರೌನ್ ವಿಶ್ವವಿದ್ಯಾಲಯದ ಸಂಗೀತಶಾಸ್ತ್ರಜ್ಞೆ ಕಿರಿ ಮಿಲ್ಲರ್ ಈ ಆಟಗಾರರನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಬಂಧವನ್ನೂ 2012ರಲ್ಲಿ ‘ಪ್ಲೇಯಿಂಗ್ ಅಲಾಂಗ್’ ಎಂಬ ಪುಸ್ತಕವನ್ನೂ ಪ್ರಕಟಿಸಿದ್ದಾರೆ. ಮುದ್ರಿತ ಧ್ವನಿಗೆ ಜೀವಂತ ದೇಹವನ್ನು ಮರಳಿ ಜೋಡಿಸುವ ಕ್ರಿಯೆಯಾಗಿ ಅವರು ಇದನ್ನು ನೋಡುತ್ತಾರೆ. ಧ್ವನಿಮುದ್ರಣ ಬಂದು ಶತಮಾನವಾದ ಮೇಲೆ ಹಾಡು ದೇಹದಿಂದ ಬೇರ್ಪಟ್ಟು ಡಬ್ಬಿಯೊಳಗೆ ಸೇರಿತ್ತು. ಪ್ಲಾಸ್ಟಿಕ್ ಗಿಟಾರ್ ಅದನ್ನು ಹೊರಗೆಳೆದು ಯಾರದೋ ಭುಜ, ಮೊಣಕೈ, ಬೆರಳುಗಳಿಗೆ ಕೊಟ್ಟಿತು.

ಡ್ರಮ್‌ನ ಮಾತು ಬೇರೆಯೇ. ಗಿಟಾರಿನ ಗುಂಡಿ ತಂತಿಯ ಸಂಕೇತ ಮಾತ್ರ. ಡ್ರಮ್‌ನ ಹಲಗೆ ಹಾಗಲ್ಲ, ಅದೂ ಕೋಲಿನಿಂದ ಬಡಿಯುವ ಹಲಗೆಯೇ. ಎರಡು ಕೈ ಒಂದು ಲಯದಲ್ಲಿ, ಕಾಲು ಇನ್ನೊಂದರಲ್ಲಿ ನಡೆಯಬೇಕಾದ ಕಷ್ಟ ಆಟದಲ್ಲೂ ನಿಜದಲ್ಲೂ ಒಂದೇ. ರಾಕ್ ಬ್ಯಾಂಡ್‌ನ ಪರಿಣತ ಹಂತದ ಡ್ರಮ್ ನುಡಿಸಬಲ್ಲವರು ನಿಜವಾದ ಡ್ರಮ್ ಮುಂದೆ ಕುಳಿತರೆ ಸರಳ ತಾಳಗಳನ್ನು ಕೂಡಲೇ ಹಿಡಿಯಬಲ್ಲರು. ಕೋಲು ಹಿಡಿಯುವ ವರಸೆ, ಪೆಟ್ಟಿನ ತೂಕ, ನಾದದ ಗುಣ ಇವೆಲ್ಲಕ್ಕೆ ಗುರು ಬೇಕು, ನಿಜ. ಆದರೂ ಅಡಿಪಾಯ ಬಿದ್ದಿರುತ್ತದೆ. ಪ್ಲಾಸ್ಟಿಕ್ ವಾದ್ಯಗಳಲ್ಲಿ ನಿಜಕ್ಕೆ ಅತ್ಯಂತ ಹತ್ತಿರವಾದದ್ದು ಇದೊಂದೇ.

ಆಕ್ಷೇಪಕ್ಕೆ ತಯಾರಕರೂ ಉತ್ತರ ಹುಡುಕಿದರು. 2010ರ ‘ರಾಕ್ ಬ್ಯಾಂಡ್ 3’ಕ್ಕಾಗಿ ಬಂದ ಫೆಂಡರ್ ಮಸ್ಟಾಂಗ್ ಮಾದರಿಯ ಕಂಟ್ರೋಲರಿನ ಕುತ್ತಿಗೆಯ ಮೇಲೆ 102 ಗುಂಡಿಗಳಿದ್ದವು: ಆರು ತಂತಿಗೆ ಹದಿನೇಳು ಮನೆಗಳಂತೆ. ಮೀಟುವ ಜಾಗದಲ್ಲಿ ಆರು ಗಿಡ್ಡ ತಂತಿಗಳು. ಕೀಬೋರ್ಡ್ ಕೂಡ ಸೇರಿತು, ನಿಜವಾದ ಎಲೆಕ್ಟ್ರಾನಿಕ್ ಡ್ರಮ್ ಜೋಡಿಸುವ ಸಾಧನವೂ ಬಂತು. ಯುಬಿಸಾಫ್ಟ್ ಕಂಪನಿ ಒಂದು ಹೆಜ್ಜೆ ಮುಂದೆ ಹೋಗಿ 2011ರ ‘ರಾಕ್‌ಸ್ಮಿತ್’ನಲ್ಲಿ ಪ್ಲಾಸ್ಟಿಕ್ಕನ್ನೇ ಕೈಬಿಟ್ಟು, ಅಸಲಿ ಎಲೆಕ್ಟ್ರಿಕ್ ಗಿಟಾರನ್ನು ಕೇಬಲ್ ಮೂಲಕ ಯಂತ್ರಕ್ಕೆ ಜೋಡಿಸಿತು. ಅದು ಒಳ್ಳೆಯ ಪಾಠಶಾಲೆ. ಆದರೆ ಮನೆಗೆ ಬಂದ ನೆಂಟರು ಐದು ನಿಮಿಷದಲ್ಲಿ ಕಲಿತು ಕುಣಿಯುವ ಆಟವಾಗಿ ಉಳಿಯಲಿಲ್ಲ.

ಪೆಟ್ಟಿಗೆಗಳ ರಾಶಿ

2009 ಒಂದೇ ವರ್ಷದಲ್ಲಿ ಆಕ್ಟಿವಿಷನ್ ಹೊರತಂದ ಆಟಗಳ ಪಟ್ಟಿ ನೋಡಿದರೆ ಮುಂದಿನ ಕತೆ ಹೇಳಬೇಕಾಗಿಲ್ಲ. ಮಾರ್ಚಿನಲ್ಲಿ ಮೆಟಾಲಿಕಾ, ಜೂನಿನಲ್ಲಿ ‘ಸ್ಮ್ಯಾಶ್ ಹಿಟ್ಸ್’, ಸೆಪ್ಟೆಂಬರಿನಲ್ಲಿ ಗಿಟಾರ್ ಹೀರೋ 5, ಅಕ್ಟೋಬರಿನಲ್ಲಿ ತಿರುಗುವ ತಟ್ಟೆಯ ಕಂಟ್ರೋಲರಿನೊಡನೆ ‘ಡಿಜೆ ಹೀರೋ’, ನವೆಂಬರಿನಲ್ಲಿ ‘ಬ್ಯಾಂಡ್ ಹೀರೋ’, ಡಿಸೆಂಬರಿನಲ್ಲಿ ವ್ಯಾನ್ ಹೇಲನ್. ಜತೆಗೆ ಎದುರಾಳಿಯ ಆಟಗಳು. 2008ರ ಆರ್ಥಿಕ ಕುಸಿತದಿಂದ ಜನರ ಜೇಬು ಬರಿದಾಗಿದ್ದ ಹೊತ್ತದು.

ಇಲ್ಲಿ ಕಂಟ್ರೋಲರ್ ತಿರುಗಿಬಿತ್ತು. ಸಾಮಾನ್ಯ ಗೇಮ್‌ನ ಡಿಸ್ಕ್ ಪುಸ್ತಕದ ನಡುವೆ ಅಡಗುತ್ತದೆ. ಡ್ರಮ್ ಸೆಟ್ ಅಡಗುವುದಿಲ್ಲ. ಮನೆಯಲ್ಲಿ ಎರಡು ಗಿಟಾರ್, ಒಂದು ಡ್ರಮ್ ಇದ್ದವರಿಗೆ ಮೂರನೆಯ ಗಿಟಾರ್ ಬೇಡ. ಹೊಸ ಡಿಸ್ಕ್ ಒಂದೇ ಕೊಳ್ಳೋಣವೆಂದರೆ ಅದರಲ್ಲಿರುವುದು ಬೇರೆ ಹಾಡುಗಳು ಮಾತ್ರ, ಆಟ ಹಳೆಯದೇ. ಹಾಡುಗಳನ್ನು ಬಿಡಿಯಾಗಿ ಅಂತರಜಾಲದಿಂದ ಕೊಳ್ಳುವ ವ್ಯವಸ್ಥೆಯೂ ಇತ್ತು. ರಾಕ್ ಬ್ಯಾಂಡ್ ವಾರವಾರವೂ ಹೊಸ ಹಾಡು ಕೊಡುತ್ತಿತ್ತು, ಒಟ್ಟು ಸಂಖ್ಯೆ 2 ಸಾವಿರ ದಾಟಿತು. ಕಂಪನಿಗಳ ಹಗೆತನದಿಂದ ಹೊಂದಾಣಿಕೆಯೂ ಕಷ್ಟವಾಗಿತ್ತು. ರಾಕ್ ಬ್ಯಾಂಡ್ ಬಂದ ಹೊಸದರಲ್ಲಿ ಪ್ಲೇಸ್ಟೇಷನ್ 3 ಇದ್ದವರು ಒಂದು ಕಂಪನಿಯ ಗಿಟಾರನ್ನು ಇನ್ನೊಂದರ ಆಟಕ್ಕೆ ಬಳಸಲಾಗುತ್ತಿರಲಿಲ್ಲ. ಇದರ ಮೇಲೆ ಬಾಳಿಕೆಯ ಸಮಸ್ಯೆ: ಮೊದಲ ರಾಕ್ ಬ್ಯಾಂಡ್‌ನ ಪ್ಲಾಸ್ಟಿಕ್ ಕಾಲ್ಪೆಡಲ್ ಉತ್ಸಾಹಿಗಳ ತುಳಿತಕ್ಕೆ ಮುರಿಯುವುದು ಮಾಮೂಲಾಗಿ, ಎರಡನೆಯದಕ್ಕೆ ಲೋಹದ ಆಧಾರ ಕೊಡಬೇಕಾಯಿತು.

2010ರ ಡಿಸೆಂಬರಿನಲ್ಲಿ ವಯಾಕಾಮ್ ಹಾರ್ಮೊನಿಕ್ಸನ್ನು ಮಾರಿ ಕೈತೊಳೆದುಕೊಂಡಿತು. 2011ರ ಫೆಬ್ರವರಿ 9ರಂದು ಆಕ್ಟಿವಿಷನ್ ತನ್ನ ಗಿಟಾರ್ ಹೀರೋ ವಿಭಾಗವನ್ನು ಮುಚ್ಚುವುದಾಗಿ ಪ್ರಕಟಿಸಿತು. ನೂರು ಕೋಟಿ ಡಾಲರಿನ ಘೋಷಣೆಯಿಂದ ಬಾಗಿಲು ಮುಚ್ಚುವವರೆಗೆ ಹಿಡಿದದ್ದು ಎರಡೇ ವರ್ಷ. ಈ ಪ್ರಕಾರವನ್ನು ಜನರ ಬೇಸರ ಕೊಂದಿತು ಎನ್ನುವುದು ವಾಡಿಕೆಯ ವಿವರಣೆ. ಉಳಿದವರ ಕತೆ ನೋಡಿದರೆ ಆ ಮಾತು ಪೂರ್ತಿ ನಿಲ್ಲುವುದಿಲ್ಲ.

2015ರಲ್ಲಿ ಎರಡೂ ಹೆಸರುಗಳು ಮತ್ತೊಮ್ಮೆ ಎದ್ದವು. ರಾಕ್ ಬ್ಯಾಂಡ್ 4 ಹಳೆಯ ಹಾಡುಗಳನ್ನೂ, ಸಾಧ್ಯವಾದಷ್ಟು ಹಳೆಯ ವಾದ್ಯಗಳನ್ನೂ ಉಳಿಸಿಕೊಳ್ಳುವ ಹಾದಿ ಹಿಡಿಯಿತು. ‘ಗಿಟಾರ್ ಹೀರೋ ಲೈವ್’ ಹಳೆಯದನ್ನೆಲ್ಲ ತೊರೆದು ಮೂರು ಮೂರರ ಎರಡು ಸಾಲಿನಲ್ಲಿ ಆರು ಗುಂಡಿಗಳ ಹೊಸ ಗಿಟಾರ್ ತಂದಿತು; ನೂರಾರು ಹಾಡುಗಳನ್ನು ಡಿಸ್ಕಿನ ಬದಲು ಅಂತರಜಾಲದ ವಾಹಿನಿಯ ಮೂಲಕ ಒದಗಿಸಿತು. 2018ರ ಡಿಸೆಂಬರ್ 1ರಂದು ಆ ವಾಹಿನಿಯ ಸರ್ವರುಗಳು ಸ್ಥಗಿತಗೊಂಡವು. ಹಣ ಕೊಟ್ಟು ಕೊಂಡವರ ಬಳಿ ಉಳಿದದ್ದು ಡಿಸ್ಕಿನಲ್ಲಿದ್ದ ಕೆಲವೇ ಹಾಡುಗಳು ಮತ್ತು ಬೇರೆ ಆಟಗಳಿಗೆ ಸುಲಭವಾಗಿ ಒಗ್ಗದ ಒಂದು ಗಿಟಾರ್.

ಉಳಿದುಕೊಂಡವರು

ಕಂಪನಿಗಳು ಕೈಬಿಟ್ಟರೂ ಆಟಗಾರರು ಬಿಟ್ಟಿರಲಿಲ್ಲ. ಫಿನ್‌ಲೆಂಡಿನ ಉತ್ಸಾಹಿಗಳು 2006ರಲ್ಲೇ ‘ಫ್ರೆಟ್ಸ್ ಆನ್ ಫೈರ್’ ಎಂಬ ಮುಕ್ತ ತಂತ್ರಾಂಶ ರೂಪಿಸಿದ್ದರು. ಕಂಪ್ಯೂಟರಿನ ಕೀಲಿಮಣೆಯನ್ನೇ ಗಿಟಾರಿನಂತೆ ಎರಡು ಕೈಯಲ್ಲಿ ಎತ್ತಿ ಹಿಡಿದು ಆಡುವ ಆಟವದು. ನೋಡಲು ನಗೆ ಬಂದರೂ ಗಿಟಾರ್ ಕೊಳ್ಳಲಾಗದ ಊರುಗಳಲ್ಲಿ ಉಪಯೋಗಕ್ಕೆ ಬಂತು. ಮುಂದೆ ಅಭಿಮಾನಿಗಳೇ ಕಟ್ಟಿದ ‘ಕ್ಲೋನ್ ಹೀರೋ’ ಉಚಿತವಾಗಿ ಹಂಚಿಕೆಯಾಗಿ, 2022ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು. ಹಾಡಿಗೆ ಬಿಲ್ಲೆಗಳನ್ನು ಜೋಡಿಸುವ ಕೆಲಸವನ್ನು ಅಲ್ಲಿ ಆಟಗಾರರೇ ಮಾಡುತ್ತಾರೆ. ಸಾಧಾರಣ ಕೈಗಳಿಗೆ ಅಸಾಧ್ಯವೆನಿಸುವ ವೇಗದ ಹಾಡುಗಳನ್ನು ಒಂದೂ ತಪ್ಪಿಲ್ಲದೆ ನುಡಿಸುವವರು ಅಲ್ಲಿದ್ದಾರೆ. ಜಪಾನಿನ ಗಿಟಾರ್‌ಫ್ರೀಕ್ಸ್ ಮತ್ತು ಡ್ರಮ್‌ಮೇನಿಯಾ 2013ರಲ್ಲಿ ‘ಗಿಟಾಡೋರಾ’ ಎಂಬ ಹೊಸ ಹೆಸರು ಪಡೆದವು. ಅದಕ್ಕೂ ಮೊದಲೇ, 2010ರಲ್ಲಿ, ಅಲ್ಲಿನ ಗಿಟಾರಿನ ಗುಂಡಿಗಳು ಮೂರರಿಂದ ಐದಕ್ಕೇರಿದ್ದವು.

ಹಾರ್ಮೊನಿಕ್ಸ್ 2021ರ ನವೆಂಬರಿನಲ್ಲಿ ‘ಫೋರ್ಟ್‌ನೈಟ್’ನ ಒಡೆಯರಾದ ಎಪಿಕ್ ಗೇಮ್ಸ್ ತೆಕ್ಕೆಗೆ ಸೇರಿತು. 2023ರ ಡಿಸೆಂಬರಿನಲ್ಲಿ ಅದು ಕಟ್ಟಿಕೊಟ್ಟ ‘ಫೋರ್ಟ್‌ನೈಟ್ ಫೆಸ್ಟಿವಲ್’ ಆರಂಭದಲ್ಲಿ ಮಾಮೂಲಿ ಕಂಟ್ರೋಲರಿನ ಆಟವಾಗಿತ್ತು. ಗಿಟಾರ್ ಎಲ್ಲಿ ಎಂಬುದೇ ಹಳೆಯ ಆಟಗಾರರ ಮೊದಲ ಪ್ರಶ್ನೆ. 2024ರಲ್ಲಿ ಅದಕ್ಕೆ ವಾದ್ಯಾಕಾರದ ಕಂಟ್ರೋಲರುಗಳ ಬೆಂಬಲ ಸೇರಿತು. ಅದೇ ವರ್ಷ ಪಿಡಿಪಿ ಕಂಪನಿ ‘ರಿಫ್‌ಮಾಸ್ಟರ್’ ಎಂಬ ಹೊಸ ನಿಸ್ತಂತು ಗಿಟಾರನ್ನು ಮಾರುಕಟ್ಟೆಗೆ ತಂದಿತು. ಕುತ್ತಿಗೆಯನ್ನು ಮಡಚಿ ಕಪಾಟಿನಲ್ಲಿಡಬಹುದು ಎಂಬುದು ಅದರ ಹೆಗ್ಗಳಿಕೆಗಳಲ್ಲೊಂದು.

ಇತ್ತ 2024ರ ಜನವರಿಯಲ್ಲಿ ರಾಕ್ ಬ್ಯಾಂಡ್ 4ಕ್ಕೆ ವಾರವಾರವೂ ಬರುತ್ತಿದ್ದ ಹೊಸ ಹಾಡುಗಳು ನಿಂತವು. ಹಾಡುಗಳ ಪರವಾನಗಿಗೆ ಅವಧಿಯಿದೆ. ಅದು ಮುಗಿದಾಗ ಅಂತರಜಾಲದ ಅಂಗಡಿಯಿಂದ ಹಾಡು ಕಣ್ಮರೆಯಾಗುತ್ತದೆ, ಹೊಸಬರು ಕೊಳ್ಳಲಾಗದು. ಹಳೆಯ ಡಿಸ್ಕ್, ಹಳೆಯ ಯಂತ್ರ ಉಳಿಸಿಕೊಂಡವರಿಗೆ ಈ ಭಯವಿಲ್ಲ. ಅವರ ಚಿಂತೆ ಬೇರೆ: ಮೀಟುವ ಪಟ್ಟಿಕೆಯ ಕೆಳಗಿನ ಸಣ್ಣ ಸ್ವಿಚ್ಚು ಸವೆಯುತ್ತದೆ, ಗುಂಡಿಗಳಡಿಯ ರಬ್ಬರ್ ಗಟ್ಟಿಯಾಗುತ್ತದೆ, ನಿಸ್ತಂತು ಗಿಟಾರಿನ ಜತೆ ಬಂದಿದ್ದ ಬೆರಳುದ್ದದ ಗ್ರಾಹಕ ಕಳೆದುಹೋದರೆ ಗಿಟಾರ್ ಇದ್ದೂ ಇಲ್ಲದಂತೆ. ಹಾಗಾಗಿ ಹಳೆಯ ಗಿಟಾರನ್ನು ಬಿಚ್ಚಿ ಹೊಸ ಸ್ವಿಚ್ಚು ಕೂರಿಸುವವರು, ಒಳಗಿನ ವಿದ್ಯುನ್ಮಂಡಲವನ್ನೇ ಬದಲಿಸಿ ಇಂದಿನ ಕಂಪ್ಯೂಟರಿಗೆ ಜೋಡಿಸುವವರು, ಬಿಡಿಭಾಗಗಳನ್ನು ಮನೆಯಲ್ಲೇ ಮುದ್ರಿಸಿ ಮಾರುವವರು ಹುಟ್ಟಿಕೊಂಡಿದ್ದಾರೆ. ಒಂದು ಕಾಲಕ್ಕೆ ಹಳೆಯ ಸಾಮಾನಿನ ಅಂಗಡಿಯಲ್ಲಿ ರಾಶಿಬಿದ್ದು ಕೇಳುವವರಿಲ್ಲದಿದ್ದ ಗಿಟಾರ್‌ಗಳನ್ನು ಈಗ ಹುಡುಕಿಕೊಂಡು ಹೋಗಬೇಕಾಗಿದೆ.